ಸೂಳೆಕೆರೆಯ ಕೆಸರು, ಚಳ್ಳಕೆರೆಯ ಸವುಳು

ದಾವಣಗೆರೆಯಿಂದ ಸಂತೆಬೆನ್ನೂರಿನ ಮಾರ್ಗವಾಗಿ ಸೂಳೆಕೆರೆ ತಲುಪಿದಾಗ ಬೇಸಿಗೆಯ ನೀರು ದಡದಿಂದ ಬಹುದೂರ ಸರಿದಿತ್ತು. ಬಿರುಕುಬಿಟ್ಟ ಅಂಗಳದಲ್ಲಿ ರೈತರು ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೇರುತ್ತಿದ್ದರು. ನಮ್ಮ ಕೈಯ ಕಪ್ಪು ಚೀಲಗಳನ್ನು ಕಂಡ ಹಿರಿಯರೊಬ್ಬರು, "ಗೋಡಿಗೆ ಟ್ರ್ಯಾಕ್ಟರ್ ತರ್ಬೇಕ್ರೀ ಸಾರ್, ಇಷ್ಟು ಸಣ್ಣ ಚೀಲ ಯಾತಕ್ಕೆ?" ಎಂದು ನಕ್ಕರು.

ನಮಗೆ ಬೇಕಿದ್ದುದು ಮೇಲಿನ ಕೆಲವೇ ಸೆಂಟಿಮೀಟರಿನ ಮಣ್ಣು, ಅದರಲ್ಲಿ ಸುಪ್ತವಾಗಿ ಮಲಗಿರುವ ಪುಟ್ಟ ಜಲಜೀವಿಗಳ ಮೊಟ್ಟೆಗಳಿಗಾಗಿ. ಸಿಗಡಿಯ ದೂರದ ಬಂಧುವಾದ ಡ್ಯಾಫ್ನಿಯಾದಂತಹ ಪುಟ್ಟ ಜಲಜೀವಿಗಳಲ್ಲಿ ಒಳ್ಳೆಯ ಕಾಲದಲ್ಲಿ ಹೆಣ್ಣುಗಳೇ ಗಂಡಿನ ಹಂಗಿಲ್ಲದೆ ಮರಿ ಮಾಡುತ್ತವೆ. ನೀರು ಬತ್ತುವ, ಆಹಾರ ಕುಗ್ಗುವ ಸೂಚನೆ ಸಿಕ್ಕಾಗ ಗಂಡುಗಳು ಹುಟ್ಟಿ, ಫಲಿತ ಮೊಟ್ಟೆಗಳು ಕುದುರೆಯ ಜೀನಿನ ಆಕಾರದ ಗಟ್ಟಿ ಕವಚದೊಳಗೆ ಕೆಸರು ಸೇರುತ್ತವೆ. ಹಾಗೆ ಸುಪ್ತವಾಗಿದ್ದ, ಕೋಪೆಪಾಡ್ ಎಂಬ ಇನ್ನೊಂದು ಪುಟ್ಟ ಜಲಜೀವಿಯ ಮೊಟ್ಟೆಗಳು 300ಕ್ಕೂ ಹೆಚ್ಚು ವರ್ಷಗಳ ನಂತರ ಒಡೆದು ಮರಿಯಾದುದನ್ನು ಅಮೆರಿಕದ ವಿಜ್ಞಾನಿಗಳು 1995ರಲ್ಲಿ ವರದಿ ಮಾಡಿದ್ದರು. ಹೊಲಕ್ಕೆ ಗೋಡು ಹಾಕುವುದು ಒಳ್ಳೆಯ ರೂಢಿಯೇ. ಆದರೆ ಕೆರೆಯಂಗಳದ ಒಂದು ಭಾಗವನ್ನಾದರೂ ಕೆರೆಯದೆ ಬಿಟ್ಟರೆ ಮುಂದಿನ ಮಳೆಗೆ ಮೀನುಮರಿಗಳ ಆಹಾರ ಅಲ್ಲಿಂದಲೇ ಏಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಚಿತ್ರದುರ್ಗ ದಾಟಿ ಚಳ್ಳಕೆರೆಯ ಕಡೆ ಹೋದಂತೆ ನೆಲ ಬೋಳಾಯಿತು. ವೇದಾವತಿ ಬಯಲಿನ ತಗ್ಗೊಂದರ ಅಂಚಿನಲ್ಲಿ ಸವುಳು, ಅಂದರೆ ಮಣ್ಣಿನ ಉಪ್ಪು, ಬೆಳ್ಳಗೆ ಕಟ್ಟಿತ್ತು. ಲೀಟರಿಗೆ ಅರ್ಧ ಗ್ರಾಂವರೆಗಿನ ಲವಣವನ್ನು ಸಿಹಿನೀರೆಂದು ಎಣಿಸುತ್ತಾರೆ. ಅದು ಹಲವು ಗ್ರಾಂಗಳಿಗೆ ಏರಿದರೆ ಸಿಹಿನೀರಿನ ಬಹುತೇಕ ಜಾತಿಗಳ ಮೊಟ್ಟೆಗಳು ಒಡೆಯುವುದಿಲ್ಲ. ಒಡೆಯದ್ದೆಲ್ಲ ಸತ್ತಿದೆ ಎಂದೇನಲ್ಲ. ರಾಜಸ್ಥಾನದ ಉಪ್ಪುನೀರಿನ ಸಾಂಭರ್ ಸರೋವರದಲ್ಲಿ ಕಂಡುಬಂದಿರುವ, ಸಿಗಡಿಯಂತಹ ಪುಟ್ಟ ಆರ್ಟೀಮಿಯಾ ಕಡು ಉಪ್ಪಿನಲ್ಲೇ ಬದುಕುವ ಜೀವಿಯಾದರೂ ಅದರ ಮೊಟ್ಟೆ ಒಡೆಯಲು ಮಳೆನೀರು ಬೆರೆತು ಉಪ್ಪು ತೆಳುವಾಗಬೇಕು.

ಆದ್ದರಿಂದ ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿ, ಒಂದನ್ನು ಸಿಹಿನೀರಿನಲ್ಲಿ, ಇನ್ನೊಂದನ್ನು ಉಪ್ಪುನೀರಿನಲ್ಲಿ ಬೆಳಕಿಗಿಡುವುದೆಂದು ದಾರಿಯಲ್ಲೇ ನಿಶ್ಚಯಿಸಿದೆವು. ಸವುಳು ಮಣ್ಣು ಸಿಹಿನೀರಿನಲ್ಲಿ ಮಾತ್ರ ಮರಿ ಕೊಟ್ಟರೆ ಮೊಟ್ಟೆಗಳು ಕಾಯುತ್ತಿದ್ದವೆಂದು ತಿಳಿಯಬಹುದು. ಎರಡರಲ್ಲೂ ಕೊಡದಿದ್ದರೆ ಅವು ಸತ್ತಿವೆಯೋ, ಇರಲೇ ಇಲ್ಲವೋ ಎಂದು ಸಕ್ಕರೆ ದ್ರಾವಣದಲ್ಲಿ ತೇಲಿಸಿ, ಸೂಕ್ಷ್ಮದರ್ಶಕದಡಿ ಎಣಿಸಿ ನೋಡಬೇಕು. ಉಪ್ಪುನೀರಿಗೆ ಅಡುಗೆ ಉಪ್ಪು ಸಾಲದು. ಒಳನಾಡಿನ ಸವುಳಿನಲ್ಲಿ ಕಾರ್ಬೊನೇಟು, ಸಲ್ಫೇಟುಗಳೂ ಸೇರಿರುವುದುಂಟು. ಹೀಗಾಗಿ ಆ ತಗ್ಗಿನ ಬಿಳಿ ಪುಡಿಯನ್ನೇ ಒಂದು ಡಬ್ಬಿಯಲ್ಲಿ ತುಂಬಿಕೊಂಡು ಹೊರಟೆವು.