ಒಳಗೆ ದೊಡ್ಡೋರು ಬಂದವ್ರೆ

2025ರಲ್ಲಿ ನವೆಂಬರ್ 9 ಭಾನುವಾರವೇ ಬಂತು. ರೋಮ್‌ನ ಲ್ಯಾಟರನ್ ಮಹಾದೇವಾಲಯದ, ಅಂದರೆ ಪೋಪರ ಸ್ವಂತ ಪೀಠವಿರುವ ಚರ್ಚಿನ, ಪ್ರತಿಷ್ಠಾಪನೆಯ ಹಬ್ಬ ಅದು. ವಾರದ ನಡುವೆ ಬಿದ್ದರೆ ಬೆಳಗಿನ ಪೂಜೆಗೆ ಬರುವ ನಾಲ್ಕು ಜನಕ್ಕೆ ಮಾತ್ರ ಗೊತ್ತಾಗುತ್ತದೆ. ಆ ಸಲ ಇಡೀ ಚರ್ಚಿಗೆ ಗೊತ್ತಾಯಿತು. ಪೋಪ್ ಸಿಲ್ವೆಸ್ಟರ್ 324ರಲ್ಲಿ ಆ ದೇವಾಲಯವನ್ನು ದೇವರಿಗೆ ಅರ್ಪಿಸಿದರು ಎನ್ನುತ್ತಾರೆ. ಅಷ್ಟು ದೂರದ ಕಟ್ಟಡಕ್ಕೆ ನಮ್ಮೂರಲ್ಲಿ ಯಾಕೆ ಹಬ್ಬ ಅನಿಸಬಹುದು. ಆದರೆ ಅಂದು ಪೂಜೆಯಲ್ಲಿ ಓದುವ ಬೈಬಲ್ ವಾಚನದಲ್ಲಿ ಸಂತ ಪೌಲರು ಕಲ್ಲು, ಗಾರೆಯ ಕಟ್ಟಡದ ಮಾತೇ ಆಡುವುದಿಲ್ಲ. ನೀವೇ ದೇವರ ಆಲಯ, ದೇವರ ಆತ್ಮ ನಿಮ್ಮೊಳಗೇ ವಾಸವಾಗಿದೆ, ಇದು ನಿಮಗೆ ಗೊತ್ತಿಲ್ಲವೇ ಎಂದು ಕೊರಿಂಥ ಊರಿನ ಕ್ರೈಸ್ತರನ್ನು ಕೇಳುತ್ತಾರೆ. ಸ್ವಲ್ಪ ಗದರಿದ ಹಾಗೇ ಇದೆ.

ನಮ್ಮಜ್ಜಿಗೆ ಗೊತ್ತಿತ್ತು. ಓದಲು ಬರುತ್ತಿರಲಿಲ್ಲ, ಆದರೂ ಗೊತ್ತಿತ್ತು. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುಸ್ವಾಮಿಯೇ ಆಗುವ ರೊಟ್ಟಿ, ತೆಗೆದುಕೊಂಡು ಬಂದವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮೊಣಕಾಲೂರುತ್ತಿದ್ದಳು. ಕೊನೆಯ ಹಾಡು ಮುಗಿದು, ಜನ ಹೋಗಿ, ಮೇಣದಬತ್ತಿ ಆರಿಸಿದರೂ ಏಳುತ್ತಿರಲಿಲ್ಲ. ನನಗೋ ಹೊಟ್ಟೆ ಹಸಿವು. ಸೆರಗು ಎಳೆದರೆ ಕಣ್ಣು ಬಿಡದೆ ಪಿಸುಗುಡುತ್ತಿದ್ದಳು: "ಒಳಗೆ ದೊಡ್ಡೋರು ಬಂದವ್ರೆ. ಅವ್ರನ್ನ ಬಿಟ್ಟು ನಿನ್ ಜೊತೆ ಮಾತಾಡ್ಲಾ? ಸುಮ್ನಿರು." ಆಮೇಲೆ ನನ್ನ ಕೈಯನ್ನು ತನ್ನ ಎದೆಗೆ ಒತ್ತಿಕೊಳ್ಳುತ್ತಿದ್ದಳು. ಸೀರೆಯ ಮಡಿಕೆಯ ಕೆಳಗೆ, ಜಪಸರದ ಮಣಿಗಳ ಕೆಳಗೆ, ಏನೋ ಒಂದು ಟಕ್ ಟಕ್ ಅನ್ನುತ್ತಿತ್ತು. ಅದೇ ಯೇಸುಸ್ವಾಮಿ ಅಂತ ನಾನು ಬಹಳ ದಿನ ನಂಬಿದ್ದೆ. ಈಗಲೂ ಪ್ರಸಾದ ತೆಗೆದುಕೊಂಡು ಬಂದು ಮೊಣಕಾಲೂರಿದರೆ ಓದಿದ್ದು, ಕೇಳಿದ್ದು ಯಾವುದೂ ನೆನಪಿಗೆ ಬರುವುದಿಲ್ಲ. ಅಂಗೈಯಲ್ಲಿ ಆ ಬಡಿತ ಬರುತ್ತದೆ.

ಪ್ರಸಾದ ನಮ್ಮೊಳಗೆ ಕರಗುವ ತನಕ ಯೇಸುಸ್ವಾಮಿ ಆ ರೂಪದಲ್ಲಿ ಇರುತ್ತಾರೆ, ಸುಮಾರು ಕಾಲು ಗಂಟೆ ಅಂತ ಹಿರಿಯರು ಹೇಳುತ್ತಾರೆ. ಹಾಗಂತ ಆಮೇಲೆ ಮನೆ ಖಾಲಿಯೇ? ಇಲ್ಲ. ಜ್ಞಾನಸ್ನಾನದ ದಿನದಿಂದಲೇ ಪಿತ, ಸುತ, ಪವಿತ್ರಾತ್ಮರು ಅಲ್ಲಿದ್ದಾರೆ. ನನ್ನನ್ನು ಪ್ರೀತಿಸುವವನ ಬಳಿಗೆ ನಾವು ಬಂದು ಅವನಲ್ಲಿ ನೆಲೆಸುತ್ತೇವೆ ಎಂದು ಕಡೆಯ ಭೋಜನದಲ್ಲಿ ಸ್ವಾಮಿಯೇ ಮಾತು ಕೊಟ್ಟಿದ್ದಾರೆ.

ಈ ಮಾತಿನ ಮೇಲೇ ಬದುಕಿದವರು ತ್ರಿತ್ವದ ಸಂತ ಎಲಿಜಬೆತ್. ಪಿಯಾನೋದಲ್ಲಿ ಬಹುಮಾನ ಗೆದ್ದ ಹುಡುಗಿ, 21ನೇ ವಯಸ್ಸಿಗೆ ಫ್ರಾನ್ಸಿನ ದಿಜೋನ್ ಊರಿನ ಕಾರ್ಮೆಲ್ ಸಭೆಯ ಸನ್ಯಾಸಿನಿಯರ ಮಠ ಸೇರಿದರು. ಸ್ವರ್ಗ ಅಂದರೆ ದೇವರು, ದೇವರು ನನ್ನ ಆತ್ಮದಲ್ಲೇ ಇದ್ದಾರೆ, ಹಾಗಾಗಿ ಸ್ವರ್ಗ ಇಲ್ಲೇ ಸಿಕ್ಕಿತು ಎನ್ನುತ್ತಿದ್ದರು. ಊಟ ಸೇರದಷ್ಟು ಕಾಯಿಲೆಯಲ್ಲೂ ಅದೇ ಮಾತು. ಮದುವೆಯಾಗಿ ಮಕ್ಕಳ ಗಲಾಟೆಯಲ್ಲಿದ್ದ ತಂಗಿಗೂ ಅದನ್ನೇ ಬರೆಯುತ್ತಿದ್ದರು. ನನಗೆ ಹಿಡಿಸಿದ್ದು ಅದು. ಒಳಗಿನ ದೇವರ ಜೊತೆ ಇರುವುದಕ್ಕೆ ಮಠದ ಗೋಡೆ ಬೇಕಿಲ್ಲ, ತೊಟ್ಟಿಲು ತೂಗುತ್ತಲೂ ಇರಬಹುದು. 26ನೇ ವಯಸ್ಸಿಗೆ ಅವರು ತೀರಿಕೊಂಡದ್ದು 1906ರ ನವೆಂಬರ್ 9ರಂದು, ಇದೇ ಹಬ್ಬದ ದಿನ! 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

ಈಗ ನಮ್ಮ ಪೂಜೆ ನೋಡಿ. ಪ್ರಸಾದ ನಾಲಿಗೆ ಮೇಲಿರುವಾಗಲೇ ಕೆಲವರು ಬಾಗಿಲು ದಾಟಿರುತ್ತಾರೆ. ಗಾಡಿ ತೆಗೆಯೋಕೆ ಮುಂಚೆ ಹೋಗಬೇಕಲ್ಲ! 16ನೇ ಶತಮಾನದ ರೋಮ್‌ನಲ್ಲೂ ಇಂಥವರಿದ್ದರು. ಹೀಗೆ ಹೊರಟವನೊಬ್ಬನ ಹಿಂದೆ ಸಂತ ಫಿಲಿಪ್ ನೇರಿ ಇಬ್ಬರು ಹುಡುಗರ ಕೈಗೆ ಉರಿಯುವ ಮೇಣದಬತ್ತಿ ಕೊಟ್ಟು ಕಳಿಸಿದರಂತೆ. ಪರಮಪ್ರಸಾದ ಬೀದಿಯಲ್ಲಿ ಹೋಗುವಾಗ ದೀಪ ಜೊತೆಗಿರಬೇಕು ಅಲ್ವಾ? ಇವತ್ತು ಅವರು ನಮ್ಮ ಚರ್ಚಿಗೆ ಬಂದರೆ ಮೇಣದಬತ್ತಿ ಸಾಲದು.

ದೊಡ್ಡ ಪಾಪಿಯ ಆತ್ಮದಲ್ಲೂ ದೇವರಿದ್ದಾರೆ, ಇಲ್ಲದಿದ್ದರೆ ಆ ಆತ್ಮವೇ ಇರುತ್ತಿರಲಿಲ್ಲ ಎನ್ನುತ್ತಾರೆ ಸ್ಪೇನಿನ ಕಾರ್ಮೆಲ್ ಸನ್ಯಾಸಿ ಶಿಲುಬೆಯ ಸಂತ ಯೊವಾನ್ನರು. ಆದರೆ ಪ್ರೀತಿಯಿಂದ ನೆಲೆಸುವುದೇ ಬೇರೆ. ಮಾರಕ ಪಾಪ ಆ ನಂಟನ್ನು ಕಡಿಯುತ್ತದೆ, ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆ ಮತ್ತೆ ಕೂಡಿಸುತ್ತದೆ. ಅಜ್ಜಿ ಇದಕ್ಕಾಗಿ ಶನಿವಾರ ಸಂಜೆಯೇ ಚರ್ಚಿಗೆ ಹೋಗಿ ಕಾಯುತ್ತಿದ್ದಳು. ಈಗ ಶನಿವಾರ ಗುರುಗಳು ಒಬ್ಬರೇ ಕೂತಿರುತ್ತಾರೆ. ಸಾಲು ಕಾಣುವುದು ಕ್ರಿಸ್ಮಸ್ ಮತ್ತು ಪಾಸ್ಖದ (ಈಸ್ಟರ್) ಮುಂಚೆ ಮಾತ್ರ, ಅದೂ ಬೇಗ ಬೇಗ ಮುಗಿಸುವವರದ್ದೇ ಜಾಸ್ತಿ.