ಮಳೆ ಹಿಡಿಯುವ ಮುಂಚೆ ಜಿಮ್ನಿಗೆ ಟೈರು

ಮೇ 17, 2025, ಶನಿವಾರ
ಸಕಲೇಶಪುರ ತಾಲ್ಲೂಕು

ಕೃತ್ತಿಕೆ ಮಳೆ ಈ ಸಲ ಜೋರಾಗಿದೆ. ಕಾಫಿ ತೋಟದ ರಸ್ತೆಯ ಕೆಂಪು ಮಣ್ಣು ಆಗಲೇ ನೆನೆದು ಮೆತ್ತಗಾಗಿದೆ. ಮೃಗಶಿರ, ಆರ್ದ್ರಾ ಹಿಡಿದುಕೊಂಡರೆ ಕಣದಿಂದ ಮೇಲಿನ ಬ್ಲಾಕಿಗೆ ಹೋಗುವ ಏರನ್ನು ಈಗಿರುವ ಟೈರಿನಲ್ಲಿ ಹತ್ತಿಸೋದು ಕಷ್ಟ. ನನ್ನ ಗಾಡಿ ಜಿಮ್ನಿ, ಮಾರುತಿಯ ಫೋರ್ ವೀಲ್ ಗಾಡಿ. ಅದರ ಜೊತೆ ಬಂದಿದ್ದು ಎಚ್.ಟಿ., ಅಂದರೆ ಹೈವೇ ಟೈರು. ಟಾರಿನ ಮೇಲೆ ಸದ್ದಿಲ್ಲದೆ ಓಡುತ್ತದೆ, ಬ್ರೇಕೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದರ ಗೀರುಗಳು ಕಿರಿದು. ನಮ್ಮ ಅಂಟು ಮಣ್ಣು ನಾಲ್ಕು ಸುತ್ತು ತಿರುಗುವುದರೊಳಗೆ ಅಷ್ಟೂ ಗೀರಿಗೆ ತುಂಬಿಕೊಳ್ಳುತ್ತದೆ. ಆಮೇಲೆ ಫೋರ್ ವೀಲ್ ಹಾಕಿದರೂ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಟ್ಟರೂ ಅಷ್ಟೇ, ನಾಲ್ಕೂ ಚಕ್ರ ನಿಂತಲ್ಲೇ ತಿರುಗುತ್ತವೆ.

ಹಾಗಾಗಿ ಇವತ್ತು ಬೆಳಿಗ್ಗೆಯಿಂದ ಟೈರಿನದ್ದೇ ಕೆಲಸ. ಮೊದಲು ಸಕಲೇಶಪುರದ ಅಂಗಡಿಗಳು, ಆಮೇಲೆ ಹಾಸನ. ನೋಡಿದ್ದು, ಕೇಳಿದ್ದು ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಮಲೆನಾಡಲ್ಲಿ ಫೋರ್ ವೀಲ್ ಗಾಡಿ ಇಟ್ಟುಕೊಂಡವರಿಗೆಲ್ಲ ಇದೇ ಪ್ರಶ್ನೆ ಬರುತ್ತದೆ ಅಲ್ವಾ: ಎ.ಟಿ. ಹಾಕಿಸಬೇಕಾ, ಎಂ.ಟಿ. ಹಾಕಿಸಬೇಕಾ?

ಎ.ಟಿ. ಅಂದರೆ ಆಲ್ ಟೆರೇನ್, ಎಂ.ಟಿ. ಅಂದರೆ ಮಡ್ ಟೆರೇನ್. ಹೆಸರು ಕೇಳಿದರೆ ಕೆಸರಿನ ಊರಿಗೆ ಎಂ.ಟಿ.ಯೇ ಸರಿ ಅನಿಸುತ್ತದೆ. ಹಾಸನದ ಅಂಗಡಿಯಲ್ಲೂ ಮೊದಲ ಮಾತು ಅದೇ. "ಎಸ್ಟೇಟ್ ಗಾಡಿ ಅಂದಮೇಲೆ ಮೇಡಂ, ಎಂ.ಟಿ. ಬಿಟ್ಟು ಬೇರೆ ಯಾಕೆ ನೋಡ್ತೀರಿ?" ಅಂದರು. ಕೆಸರಿನ ಮಟ್ಟಿಗೆ ಅವರ ಮಾತು ಸುಳ್ಳಲ್ಲ. ಎಂ.ಟಿ. ಟೈರಿನ ಬಟನ್‌ಗಳು, ಅಂದರೆ ಮೈಮೇಲೆ ಎದ್ದಿರುವ ರಬ್ಬರಿನ ಗಡ್ಡೆಗಳು, ದಪ್ಪ, ನಡುವೆ ಜಾಗ ಜಾಸ್ತಿ. ಚಕ್ರ ತಿರುಗಿದಂತೆ ಮೆತ್ತಿಕೊಂಡ ಮಣ್ಣನ್ನು ಎಸೆದು ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ. ಪಕ್ಕದ ಗೋಡೆಯವರೆಗೂ ಬಟನ್ ಇಳಿದಿರುವುದರಿಂದ ಚಕ್ರದ ಜಾಡಿನ ಅಂಚನ್ನೂ ಕಚ್ಚಿಕೊಂಡು ಮೇಲೆ ಬರುತ್ತದೆ.

ಆದರೆ ನನ್ನ ಗಾಡಿ ದಿನಾ ಎಲ್ಲಿ ಓಡುತ್ತದೆ? ಮಕ್ಕಳ ಸ್ಕೂಲು, ಸಂತೆ, ಕಾಫಿ ಸಂಸ್ಕರಿಸುವ ಕ್ಯೂರಿಂಗ್, ಬ್ಯಾಂಕು, ಹಾಸನದ ಆಸ್ಪತ್ರೆ, ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರು. ಎಲ್ಲ ಟಾರು, ಇಲ್ಲ ಕಾಂಕ್ರೀಟು. ವರ್ಷದಲ್ಲಿ ನಾಲ್ಕು ತಿಂಗಳು ಆ ಟಾರೂ ನೆಂದೇ ಇರುತ್ತದೆ. ಎಂ.ಟಿ. ಸೋಲುವುದು ಅಲ್ಲೇ. ದೊಡ್ಡ ಬಟನ್ ಇರುವಲ್ಲಿ ನೆಲಕ್ಕೆ ತಾಗುವ ರಬ್ಬರು ಕಡಿಮೆ. ಒದ್ದೆ ಟಾರನ್ನು ಹಿಡಿಯುವ ಸಣ್ಣ ಸಣ್ಣ ಸೀಳುಗಳೂ ಕಡಿಮೆ. ಬ್ರೇಕ್ ತುಳಿದ ಮೇಲೆ ನಿಲ್ಲುವ ದೂರ ಹೆಚ್ಚುತ್ತದೆ. ಶಿರಾಡಿಯಲ್ಲಿ ಮುಂದೊಂದು ಟ್ಯಾಂಕರ್, ಹಿಂದೊಂದು ಬಸ್ಸು, ಮೇಲೆ ಸುರಿಯುವ ಮಳೆ. ಅಲ್ಲಿ ನನಗೆ ಬೇಕಾಗಿದ್ದು ಬ್ರೇಕು, ಕೆಸರಿನ ಹಿಡಿತ ಅಲ್ಲ. ಪಾಚಿ ಹಿಡಿದ ಕಲ್ಲಿನ ಮೇಲೂ ಇದೇ ಕಥೆ. ನಮ್ಮ ಹಳ್ಳದ ದಾಟಿನಲ್ಲಿ ಮೆತ್ತನೆ ರಬ್ಬರಿನ, ಸೀಳು ಜಾಸ್ತಿ ಇರುವ ಟೈರೇ ವಾಸಿ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಅಂಗಡಿಯಲ್ಲಿ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಎಂ.ಟಿ. ಟೈರು ಕೆಸರಲ್ಲಿ ಜಾರಿದಾಗ ಸುಮ್ನೆ ಜಾರುವುದಿಲ್ಲ, ತೋಡುತ್ತದೆ. ಏರಿನಲ್ಲಿ ಎರಡು ಸಲ ಆಕ್ಸಿಲರೇಟರ್ ಒತ್ತಿ ತಿರುಗಿಸಿದರೆ ಮೊಣಕೈ ಆಳದ ಎರಡು ಸಾಲು ಬೀಳುತ್ತವೆ. ಅವತ್ತು ಗಾಡಿ ಹತ್ತಬಹುದು. ಆದರೆ ರಾತ್ರಿ ಮಳೆಗೆ ಮೇಲಿನ ನೀರೆಲ್ಲ ಆ ಸಾಲು ಹಿಡಿದು ಇಳಿಯುತ್ತದೆ. ಪಕ್ಕದ ಚರಂಡಿ ಒಣಗಿರುತ್ತದೆ, ರಸ್ತೆಯೇ ಹಳ್ಳ ಆಗಿರುತ್ತದೆ. ಆ ರಸ್ತೆಗೆ ಕಲ್ಲು ಹಾಕಿಸಿ, ಅಡ್ಡ ಮೋರಿ ಕೂರಿಸಿ ಉಳಿಸಿಕೊಂಡು ಬರುವುದು ಎಷ್ಟು ಖರ್ಚಿನ ಕೆಲಸ ಅಂತ ತೋಟ ನೋಡಿಕೊಳ್ಳುವವರಿಗೆ ಗೊತ್ತು. ಗಾಡಿ ಹತ್ತಿದರೆ ಸಾಲದು, ಮಾರನೇ ದಿನ ಕೆಲಸದವರು ಗೊಬ್ಬರದ ಚೀಲ ಹೊತ್ತು ಅದೇ ರಸ್ತೆಯಲ್ಲಿ ನಡೆಯಬೇಕು. ಮೋಜಿಗೆ ಅಂತ ಬಂದು ಕಾಡಂಚಿನ ಹುಲ್ಲುಗಾವಲಿನ ಮೇಲೆ ಚಕ್ರ ತಿರುಗಿಸಿ ಹೋಗುವ ಗಾಡಿಗಳನ್ನು ನೋಡಿದರೆ ನನಗೆ ನಿಜವಾಗಲೂ ಸಂಕಟ ಆಗುತ್ತದೆ. ಕಿತ್ತುಬಂದ ಆ ಹುಲ್ಲಿನ ಹೆಪ್ಪು ಮತ್ತೆ ಕೂರಲು ವರ್ಷಗಳೇ ಬೇಕು.

ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ. ಅವರದ್ದು ಹಳೇ ಮಹೀಂದ್ರಾ ಜೀಪು, 6.00-16 ಸೈಜಿನ ಬಟನ್ ಟೈರು. ಜಾಸ್ತಿ ಮಳೆಯಾದರೆ ಹಿಂದಿನ ಎರಡಕ್ಕೂ ಚೈನ್ ಸುತ್ತುತ್ತಾರೆ. "ನೋಡು ಮಗಾ, ಅಗಲದ ಟೈರು ಚೆಂದ ಕಾಣ್ತದೆ ಅಂತ ಹಾಕಿಸ್ಬೇಡ. ಸಣ್ಣ ಟೈರು ಕೆಸರು ಸೀಳ್ಕೊಂಡು ಕೆಳಗಿನ ಗಟ್ಟಿ ನೆಲಕ್ಕೆ ಹೋಗಿ ನಿಲ್ತದೆ. ಅಗಲದ್ದು ಮೇಲೇ ತೇಲ್ತದೆ" ಅಂದರು. ಮಾತು ಅಕ್ಷರಶಃ ಸರಿ. 6.00 ಅಂದರೆ ಅಗಲ ಬರೀ ಆರು ಇಂಚು, ಸುಮಾರು 152 ಮಿ.ಮೀ. ನಮ್ಮ ರಸ್ತೆಯಲ್ಲಿ ಮೇಲೆ ಒಂದು ಗೇಣು ಕೆಸರಿದ್ದರೆ ಅದರಡಿ ಜಲ್ಲಿ ಇರುತ್ತದೆ. ಅಂಥ ಕಡೆ ಸಣ್ಣ ಟೈರೇ ಗೆಲ್ಲುವುದು. ಅಗಲದ ಟೈರು ಬೇಕಾಗಿದ್ದು ಮರಳಿಗೆ, ಅಡಿಯಲ್ಲಿ ಗಟ್ಟಿ ನೆಲವೇ ಸಿಗದ ಜವುಗಿಗೆ.

ಕೊಡಚಾದ್ರಿ ಬೆಟ್ಟಕ್ಕೆ ಜನರನ್ನು ಹತ್ತಿಸುವ ಜೀಪುಗಳ ಉದಾಹರಣೆ ಕೊಟ್ಟು ಎಂ.ಟಿ. ಹಾಕಿಸಿ ಅನ್ನುವವರು ಇದ್ದಾರೆ. ಆ ಡ್ರೈವರ್‌ಗಳ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರು ಇಡೀ ದಿನ ಫಸ್ಟು, ಸೆಕೆಂಡ್ ಗೇರಿನಲ್ಲಿ ಅದೇ ಕಲ್ಲು ಮಣ್ಣಿನ ದಾರಿ ಹತ್ತಿ ಇಳಿಯುವವರು. ಅವರ ಟೈರಿಗೆ ಅದೊಂದೇ ಕೆಲಸ. ನನ್ನದಕ್ಕೆ ಹತ್ತು ಕೆಲಸ.

ಸರಿ, ಎ.ಟಿ. ಅಂತ ಆಯಿತು. ಇನ್ನು ಸೈಜು.

ಜಿಮ್ನಿಗೆ ಕಂಪನಿ ಕೊಡುವುದು 195/80 ಆರ್15. 195 ಅಂದರೆ ಮಿ.ಮೀ. ಲೆಕ್ಕದಲ್ಲಿ ಅಗಲ. 80 ಅಂದರೆ ಆ ಅಗಲದ ನೂರಕ್ಕೆ 80ರಷ್ಟು ಪಕ್ಕದ ಗೋಡೆಯ ಎತ್ತರ. 15 ಅಂದರೆ ಡಿಸ್ಕಿನ, ಅಂದರೆ ಟೈರು ಕೂರುವ ಲೋಹದ ಚಕ್ರದ ಅಡ್ಡಳತೆ, ಇಂಚಿನಲ್ಲಿ. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರ 693 ಮಿ.ಮೀ. ಈ ಸೈಜಿನಲ್ಲಿ ಒಳ್ಳೆ ಎ.ಟಿ. ಕೇಳಿದರೆ ಎರಡೂ ಊರಿನಲ್ಲಿ "ತರಿಸಬೇಕು" ಅನ್ನುವ ಉತ್ತರ. 215/75 ಆರ್15 ಕೇಳಿದರೆ ಒಳಗಿಂದ ಎತ್ತಿ ತಂದು ಮುಂದಿಟ್ಟರು. ಬೊಲೆರೊ ಸೈಜು ಅದು. ಬೊಲೆರೊ ಇಲ್ಲದ ಹಳ್ಳಿ ಇಲ್ಲ, ಹಾಗಾಗಿ ಆ ಸೈಜು ಇಲ್ಲದ ಟೈರ್ ಅಂಗಡಿಯೂ ಇಲ್ಲ. ಭಾನುವಾರ ಸಂಜೆ ಯಾವುದೋ ಮೂಲೆಯಲ್ಲಿ ಟೈರಿನ ಪಕ್ಕ ಹರಿದರೆ ಈ ಒಂದು ವಿಷಯವೇ ನಮ್ಮನ್ನು ಮನೆ ಸೇರಿಸುತ್ತದೆ.

215/75ರ ಎತ್ತರ 703.5 ಮಿ.ಮೀ. ಮೊದಲಿನದಕ್ಕಿಂತ ಒಂದೂವರೆ ಪರ್ಸೆಂಟ್ ಮಾತ್ರ ಜಾಸ್ತಿ. ಮೀಟರ್ 80 ತೋರಿಸಿದಾಗ ನಿಜವಾದ ವೇಗ ಸುಮಾರು ಒಂದು ಕಿ.ಮೀ. ಹೆಚ್ಚಿರುತ್ತದೆ, ಅಷ್ಟೇ. ಈಗಿರುವ ಐದೂವರೆ ಇಂಚಿನ ಡಿಸ್ಕಿಗೇ ಕೂರುತ್ತದೆ. ಚಿಕ್ಕಪ್ಪ ಹೇಳಿದ ಸಣ್ಣ ಟೈರಿಗಿಂತ ಅಗಲ ಹೌದು, ಆದರೆ ಈಗಿನದಕ್ಕಿಂತ ಬರೀ ಎರಡು ಸೆಂಟಿಮೀಟರ್ ಜಾಸ್ತಿ. ಇದಕ್ಕಿಂತ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ತುಂಬ ಜನ 235/75 ಹಾಕಿಸುತ್ತಾರೆ. ಅದರಲ್ಲಿ ಒಂದು ನಿಜವಾದ ಲಾಭ ಇದೆ, ಅದನ್ನು ಹೇಳಲೇಬೇಕು. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಸೇರಿಸುವ ಒಂದೇ ಇರಚಿ. ಅದರ ಹೌಸಿಂಗ್, ಅಂದರೆ ಹೊರಗಿನ ಲೋಹದ ಕವಚ, ಯಾವಾಗಲೂ ಚಕ್ರದ ಮಟ್ಟದಲ್ಲೇ ಇರುತ್ತದೆ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೆ ಹೋಗುತ್ತದೆ, ಹೌಸಿಂಗ್ ಅಲ್ಲೇ ಉಳಿಯುತ್ತದೆ. ದಾರಿ ನಡುವಿನ ಕಲ್ಲಿಗೆ ಮೊದಲು ತಾಗುವುದೂ ಅದೇ. ಅದನ್ನು ಎತ್ತಲು ದೊಡ್ಡ ಟೈರು ಒಂದೇ ದಾರಿ. 215ರಲ್ಲಿ ಸಿಗುವುದು ಐದು ಮಿ.ಮೀ., 235ರಲ್ಲಿ ಇಪ್ಪತ್ತು. ಆದರೆ ಆ ಇಪ್ಪತ್ತಕ್ಕೆ ಬೇರೆ ಡಿಸ್ಕು ಬೇಕು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ತಾಗದಂತೆ ನೋಡಿಕೊಳ್ಳಬೇಕು, ಮೀಟರ್ ಸುಮಾರು ಆರು ಪರ್ಸೆಂಟ್ ತಪ್ಪು ತೋರಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಇದು ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್. ಭಾರದ, ಎತ್ತರದ ಟೈರು ತಿರುಗಿಸುವುದರಲ್ಲೇ ಅದರ ಕಸುವು ಹೋಗುತ್ತದೆ. ಏರಿನಲ್ಲಿ ಒಂದು ಗೇರ್ ಇಳಿಸಿಯೇ ಓಡಿಸಬೇಕಾಗುತ್ತದೆ.

ಹೊರದೇಶದ ಬ್ರ್ಯಾಂಡಿನ ಎಂ.ಟಿ. ಟೈರುಗಳು ಮೊದಲಿನಷ್ಟು ಸುಲಭವಾಗಿ ಸಿಗುವುದಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಲೈಸೆನ್ಸ್ ಇಲ್ಲದೆ ತರಿಸುವ ಹಾಗಿಲ್ಲ. ನಾನು ಆರಿಸಿದ ಸೈಜಿನ ಎ.ಟಿ. ಅಂಗಡಿಯಲ್ಲೇ ಇದ್ದದ್ದರಿಂದ ನನಗೆ ಇದರಿಂದ ತೊಂದರೆ ಆಗಲಿಲ್ಲ.

ಇವತ್ತು ನನ್ನ ಸಮಯ ಜಾಸ್ತಿ ಹೋಗಿದ್ದು ಟೈರಿನ ಪಕ್ಕದ ಬರಹ ಓದುವುದರಲ್ಲಿ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಮೊದಲು ನೋಡಿದ್ದು ಡಾಟ್ (DOT) ಅನ್ನುವ ಸಾಲಿನ ಕೊನೆಯ ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಒಂದು ಅಂಗಡಿಯಲ್ಲಿ ಎದುರಿಗೇ ಜೋಡಿಸಿಟ್ಟ ಟೈರಿನಲ್ಲಿ 1822 ಅಂತ ಇತ್ತು. 2022ರ 18ನೇ ವಾರದ್ದು, ಮೂರು ವರ್ಷ ಅಂಗಡಿಯಲ್ಲೇ ಕಳೆದದ್ದು. ರಬ್ಬರು ಉಗುರಿಗೆ ಗಟ್ಟಿಯಾಗಿ ತಾಗುತ್ತಿತ್ತು. ಹೊಸ ಟೈರಿನದ್ದೇ ರೇಟು ಹೇಳಿದರು, ನಾನು ಬೇಡ ಅಂದೆ. ಹಾಸನದಲ್ಲಿ ನೋಡಿದ್ದು 0925. ಬಟನ್ ತುದಿಯಲ್ಲಿ ರಬ್ಬರಿನ ಕೂದಲಿನ್ನೂ ಹಾಗೇ ಇತ್ತು. ಬಟನ್ ಒಂದನ್ನು ಹೆಬ್ಬೆರಳಲ್ಲಿ ಪಕ್ಕಕ್ಕೆ ಒತ್ತಿದರೆ ಸೀಳು ಬಾಯಿ ಬಿಟ್ಟು ಆಳ ಕಾಣಿಸಿತು. ಕೆಲವು ಟೈರಿನಲ್ಲಿ ಈ ಸೀಳು ಮೇಲಷ್ಟೇ ಇರುತ್ತದೆ, ಸ್ವಲ್ಪ ಸವೆದರೆ ಮಾಯ. ಇದರಲ್ಲಿ ಬುಡದವರೆಗೂ ಇಳಿದಿತ್ತು.

ಆಮೇಲೆ ಲೋಡ್ ಅಂಕಿ. ಈಗಿನ ಟೈರಿನಲ್ಲಿ 96 ಇದೆ, ಅಂದರೆ ಒಂದು ಟೈರಿಗೆ 710 ಕೆ.ಜಿ. ಹೊಸದರಲ್ಲಿ 100, ಅಂದರೆ 800 ಕೆ.ಜಿ. ಗಾಡಿಯ ತೂಕವೇ ಸುಮಾರು 1200 ಕೆ.ಜಿ., ಹಾಗಾಗಿ ಇಷ್ಟು ಧಾರಾಳ ಸಾಕು. ಇದನ್ನು ಮೀರಿ ಎಲ್.ಟಿ. ಅಂತ ಬರೆದ, ಪಿಕಪ್‌ಗಳಿಗೆ ಮಾಡಿದ ದಪ್ಪ ಪದರದ ಟೈರು ಹಾಕಿಸಿದರೆ ಹಗುರ ಗಾಡಿಗೆ ಅದು ಬಗ್ಗುವುದೇ ಇಲ್ಲ. ಗಾಳಿ ಇಳಿಸಿದರೂ ನೆಲಕ್ಕೆ ಹರಡಿಕೊಳ್ಳುವುದಿಲ್ಲ. ಕಾಫಿ ಬುಡ ಕಡಿದ ಮೊನೆ ಚುಚ್ಚದಿರಲಿ ಅಂತ ಕೆಲವರು ಅದನ್ನೇ ಹಾಕಿಸುತ್ತಾರೆ. ಪಕ್ಕದ ಗೋಡೆ ಹರಿದರೆ ಪಂಕ್ಚರ್ ಅಂಟಿಸಲು ಆಗುವುದಿಲ್ಲ, ಅವರ ಭಯ ನನಗೆ ಅರ್ಥವಾಗುತ್ತದೆ. ದಾರಿಯ ಅಂಚಿನ ಕೂಳೆಯನ್ನು ನೆಲಮಟ್ಟಕ್ಕೆ ಸವರಿಸುವುದು ನನ್ನ ದಾರಿ.

ಎಂ ಪ್ಲಸ್ ಎಸ್ ಅನ್ನುವ ಗುರುತು ನೋಡಿ ಮರುಳಾಗಬೇಡಿ. ಕೆಸರು, ಹಿಮಕ್ಕೆ ಆಗುತ್ತದೆ ಅಂತ ಕಂಪನಿಯೇ ಹಾಕಿಕೊಳ್ಳುವ ಗುರುತು ಅದು. ಮೂರು ಶಿಖರದ ನಡುವೆ ಹಿಮದ ಹರಳಿನ ಚಿತ್ರ ಇದ್ದರೆ ಅದಕ್ಕೆ ಹಿಮದ ಮೇಲೆ ನಿಜವಾದ ಪರೀಕ್ಷೆ ಆಗಿರುತ್ತದೆ. ಸಕಲೇಶಪುರಕ್ಕೆ ಹಿಮ ಎಲ್ಲಿಂದ ಬರಬೇಕು ಅಂತ ಕೇಳಬಹುದು. ಆ ಪರೀಕ್ಷೆ ಪಾಸಾಗಲು ಸೀಳು ಜಾಸ್ತಿ ಬೇಕು, ರಬ್ಬರು ಮೆತ್ತಗಿರಬೇಕು. ಆ ಎರಡೂ ಗುಣ ನಮ್ಮ ಒದ್ದೆ ಟಾರಿಗೂ ಬೇಕು. ಯೊಕೊಹಾಮಾ ಜಿಯೋಲ್ಯಾಂಡರ್ ಎ/ಟಿ ಜಿ015 ಕಡೆ ನನ್ನ ಮನಸ್ಸು ವಾಲಿದ್ದು ಹಾಗೆ.

ಟೈರು ಯಾವುದೇ ಇರಲಿ, ಅರ್ಧ ಕೆಲಸ ಗಾಳಿಯದು. ಬರಿಗಾಲಲ್ಲಿ ಗದ್ದೆಗೆ ಇಳಿದಾಗ ಬೆರಳು ಅಗಲಿಸಿ ಊರುತ್ತೇವಲ್ಲ, ಗಾಳಿ ಇಳಿಸಿದ ಟೈರು ಮಾಡುವುದೂ ಅದನ್ನೇ. ನೆಲಕ್ಕೆ ತಾಗುವ ಜಾಗ ಉದ್ದಕ್ಕೆ ಬೆಳೆಯುತ್ತದೆ. ಗೇಟಿನ ಹತ್ತಿರ ನಿಲ್ಲಿಸಿ ಗಾಳಿಯ ಒತ್ತಡವನ್ನು 18-20 ಪಿ.ಎಸ್.ಐ.ಗೆ ಇಳಿಸಿ, ಲೋ ಗೇರ್ ಹಾಕಿ, ನಿಧಾನವಾಗಿ ಒಂದೇ ಸಮ ಹತ್ತಿಸಿದರೆ ಎ.ಟಿ. ಟೈರು ನಮ್ಮ ಏರನ್ನು ಹತ್ತುತ್ತದೆ, ರಸ್ತೆಯೂ ಉಳಿಯುತ್ತದೆ. 15ಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ. ತಿರುವಿನಲ್ಲಿ ಟೈರು ಡಿಸ್ಕಿನಿಂದ ಕಳಚಿಕೊಳ್ಳುವ ಭಯ. ಟಾರಿಗೆ ಬರುವ ಮುಂಚೆ ಮತ್ತೆ ಗಾಳಿ ತುಂಬಲೇಬೇಕು, ಇಲ್ಲದಿದ್ದರೆ ಪಕ್ಕದ ಗೋಡೆ ಬಿಸಿಯಾಗಿ ಹಾಳಾಗುತ್ತದೆ. ಅದಕ್ಕೆ ಬ್ಯಾಟರಿಗೆ ಸಿಕ್ಕಿಸುವ ಕಂಪ್ರೆಸರ್ ಒಂದನ್ನು ಇವತ್ತೇ ತಂದೆ.

ಅಂಗಡಿಯವರು ನಾಲ್ಕಕ್ಕೆ ಬಿಲ್ ಬರೆಯಲು ಹೊರಟಿದ್ದರು, ಐದು ಬರೆಯಿರಿ ಅಂದೆ. ಸ್ಟೆಪ್ನಿ ಬೇರೆ ಸೈಜು ಇರಬಾರದು. ಜಿಮ್ನಿಯಲ್ಲಿ ಫೋರ್ ವೀಲ್ ಹಾಕಿದರೆ ಹಿಂದೆ ಮುಂದೆ ಒಟ್ಟಿಗೇ ತಿರುಗುತ್ತವೆ, ನಡುವೆ ಹೊಂದಿಸಿಕೊಳ್ಳಲು ಡಿಫರೆನ್ಷಿಯಲ್ ಇಲ್ಲ. ಒಂದು ಚಕ್ರದ ಸುತ್ತಳತೆ ಬೇರೆಯಾದರೆ ಗೇರುಗಳ ಮೇಲೆ ಎಳೆತ ಬೀಳುತ್ತದೆ. ಇದೇ ಕಾರಣಕ್ಕೆ ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಬಾರದು. ಐದೂ ಒಂದೇ ಸಮ ಸವೆಯಲಿ ಅಂತ ಸರ್ವೀಸಿನಲ್ಲಿ ಸ್ಟೆಪ್ನಿಯನ್ನೂ ಸೇರಿಸಿ ಅದಲು ಬದಲು ಮಾಡಿಸುತ್ತೇನೆ.

ಅಡ್ವಾನ್ಸ್ ಮಾತ್ರ ಕೊಟ್ಟು ಬಂದಿದ್ದೇನೆ. ಸೈಜು ಕಂಪನಿಯದ್ದಲ್ಲ, ಹಾಗಾಗಿ ಇನ್ಶೂರೆನ್ಸ್‌ನವರಿಗೆ ಸಂಜೆಯೇ ಮೇಲ್ ಹಾಕಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮಿತಿ ಹಾಕುತ್ತದೆ. ನಾಳೆ ಏನಾದರೂ ಆದಾಗ ಟೈರಿನ ಹೆಸರಲ್ಲಿ ಕ್ಲೇಮು ನಿಲ್ಲಬಾರದು. ಬರಹದಲ್ಲಿ ಉತ್ತರ ಬಂದರೆ ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮೂರೂ ಒಂದೇ ದಿನ. ಅವರು ಬೇಡ ಅಂದರೆ 195/80ರಲ್ಲೇ ಎ.ಟಿ. ತರಿಸಿಕೊಡಿ ಅಂತ ಅಂಗಡಿಯವರಿಗೆ ಹೇಳಿಟ್ಟಿದ್ದೇನೆ. ಹತ್ತು ದಿನದೊಳಗೆ ತರಿಸುತ್ತಾರಂತೆ, ಮೃಗಶಿರಕ್ಕೆ ಮುಂಚೆ ಆಗುತ್ತದೆ.