ಸೋಮವಾರದೊಳಗೆ ತಿಳಿಸ್ತೇವೆ

ಜನವರಿ ಎರಡನೇ ವಾರ ಮೂರನೇ ಸುತ್ತಿನ ಇಂಟರ್‌ವ್ಯೂ ಮುಗಿಯಿತು. ಆ ಕಡೆ ಇದ್ದ ಮೇಡಂ ನಕ್ಕು, "ಸೋಮವಾರದೊಳಗೆ ತಿಳಿಸ್ತೇವೆ" ಅಂದರು. ಯಾವ ಸೋಮವಾರ ಅಂತ ಕೇಳಬೇಕಿತ್ತು. ಈಗ ಏಳು ಸೋಮವಾರ ಕಳೆದಿದೆ.

ಇಂಟರ್‌ವ್ಯೂ ಕೊಟ್ಟಿದ್ದು ಶಿರಸಿ ಪೇಟೆಯಲ್ಲಿ, ಗೆಳೆಯನ ಅಂಗಡಿಯ ಮಾಳಿಗೆಯಲ್ಲಿ. ಹಿಂದಿದ್ದ ಗೊಬ್ಬರದ ಚೀಲ ಕಾಣಬಾರದು ಅಂತ ಬೆಡ್‌ಶೀಟ್ ಕಟ್ಟಿದ್ದೆವು. ಯಾಕೆಂದರೆ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಬೇಲಿಯ ದಣಪೆ ದಾಟಿ ಸೊಪ್ಪಿನ ಬೆಟ್ಟಕ್ಕೆ ಸ್ವಲ್ಪ ಏರಿದರೆ ಒಂದು ನೇರಳೆ ಮರ ಇದೆ. ಅದರ ಬುಡದಲ್ಲಿ ನಿಂತರೆ ಎರಡು ಕಡ್ಡಿ ಸಿಗುತ್ತದೆ. ಬೆಂಗಳೂರಿನ ರೂಮು ಖಾಲಿ ಮಾಡಿ ಬಂದಾಗಿನಿಂದ ಆ ಮರದ ಬುಡವೇ ನನ್ನ ಆಫೀಸು.

ಮೊದಲ ವಾರ ದಿನಕ್ಕೆ ಹತ್ತು ಸಲ ಹತ್ತಿದ್ದೇನೆ. ಇನ್‌ಬಾಕ್ಸ್ ನೋಡು, ಸ್ಪ್ಯಾಮ್ ನೋಡು, ಇಳಿ. ಅರ್ಧ ದಾರಿಯಲ್ಲಿ ಮತ್ತೆ ಅನುಮಾನ. ಫೋನ್ ಮಾಡಿ, ನಾಟ್ ರೀಚಬಲ್ ಬಂದು ಸುಮ್ಮನಾಗಿದ್ದರೆ? ಈ ಚಿಂತೆ ಪೇಟೆಯವರಿಗೆ ಇರುವುದಿಲ್ಲ ಅಲ್ವಾ?

ಬೇಡ ಅಂದುಬಿಟ್ಟಿದ್ದರೆ ಎರಡು ದಿನ ಬೇಜಾರಾಗಿ, ಅಮ್ಮನ ಮೇಲೆ ಸುಮ್ನೆ ರೇಗಿ, ಮೂರನೇ ದಿನ ಸರಿಯಾಗುತ್ತಿದ್ದೆ. ಏನೂ ಹೇಳದಿದ್ದರೆ ತಪ್ಪನ್ನು ನಾವೇ ಹುಡುಕುತ್ತಾ ಕೂರುತ್ತೇವೆ. "ಈ ಎಂಟು ತಿಂಗಳು ಏನು ಮಾಡಿದ್ರಿ?" ಅಂದಾಗ "ಅಡಿಕೆ ಸುಲಿದೆ" ಅಂದಿದ್ದೆ. ಅವರು ನಕ್ಕಿದ್ದರು. ಆ ನಗೆಯನ್ನು ಎಷ್ಟು ಸಲ ಬಿಚ್ಚಿ ನೋಡಿದ್ದೇನೋ.

ಹತ್ತು ದಿನ ಬಿಟ್ಟು ಒಂದು ಮೇಲ್ ಹಾಕಿದೆ. ನಾಲ್ಕೇ ಸಾಲು. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ, ಅದರಲ್ಲಿ "ದಯವಿಟ್ಟು" ಮೂರು ಸಲ ಬಂದಿತ್ತು. ಓದಿ ನನಗೇ ನಾಚಿಕೆಯಾಯಿತು, ಅಳಿಸಿದೆ.

ಎಚ್‌ಆರ್ ಕೆಲಸದಲ್ಲಿರುವ ಹಳೆಯ ಸಹಪಾಠಿಗೆ ಫೋನ್ ಮಾಡಿದ ಮೇಲೆ ಸ್ವಲ್ಪ ಬೆಳಕಾಯಿತು. ಮೊದಲ ಆಯ್ಕೆಯವನಿಗೆ ಆಫರ್ ಹೋಗಿರುತ್ತದಂತೆ. ಅವನಿಗೆ ಹಳೆ ಕಂಪನಿಯಲ್ಲಿ 60 ಅಥವಾ 90 ದಿನ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಅಲ್ಲೇ ದುಡಿಯಬೇಕು. ಅಷ್ಟರೊಳಗೆ ಬೇರೆ ಕಡೆ ಜಾಸ್ತಿ ಸಂಬಳ ಸಿಕ್ಕಿದರೆ ಕೈ ಕೊಡುತ್ತಾನೆ. ಅದಕ್ಕೇ ಅವನು ಬಂದು ಕುರ್ಚಿ ಮೇಲೆ ಕೂರುವ ತನಕ ಎರಡನೆಯವನಿಗೆ ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಕೆಲವು ಸಲ ಆ ಹುದ್ದೆಯನ್ನೇ ನಿಲ್ಲಿಸಿರುತ್ತಾರೆ, ಅದನ್ನೂ ಹೇಳುವುದಿಲ್ಲ. ಅಂತೂ ನಾನು ಸ್ಟೆಪ್ನಿ. ವಿಚಿತ್ರ ಅಂದರೆ, ಇದು ಗೊತ್ತಾದ ದಿನ ಚೆನ್ನಾಗಿ ನಿದ್ದೆ ಬಂತು.

ಇಂಟರ್‌ವ್ಯೂ ಆದ ವಾರವೇ ನಮ್ಮ ಅಂಗಳದಲ್ಲಿ ಚಾಲಿಗೆ ಹಣ್ಣಡಿಕೆ ಹರವಿದ್ದೆವು. ಚಾಲಿ ಅಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿದದ್ದು. ಚಾಲಿ ಒಣಗಲು 40-45 ದಿನದ ಬಿಸಿಲು ಬೇಕು. ಮೊದಲು ಕಿತ್ತಳೆ ಬಣ್ಣ ಇರುತ್ತದೆ, ಆಮೇಲೆ ಸಿಪ್ಪೆ ಸುಕ್ಕಾಗಿ ಕಂದು ತಿರುಗುತ್ತದೆ. ನಡುನಡುವೆ ಕಾಲಿನಲ್ಲೇ ಎಳೆದು ಮಗುಚುತ್ತಿರಬೇಕು. ಅಪ್ಪ ಒಂದನ್ನು ಹೆಕ್ಕಿ ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಅಡಿಕೆ ಗಲಗಲ ಅಂದರೆ ಆಯಿತು ಅಂತ. ಅನ್ನದಿದ್ದರೆ ಮಾತಿಲ್ಲದೆ ವಾಪಸ್ ಎಸೆಯುತ್ತಾರೆ. ನನ್ನ ಕಥೆಗೂ ಅದೇ ಗಡುವು ಇಟ್ಟುಕೊಂಡೆ. ಚಾಲಿ ಸುಲಿಯುವ ದಿನ ಬಂದರೆ ಆ ಕಂಪನಿ ಹೆಸರಿಗೆ ನೋಟ್‌ಬುಕ್ಕಿನಲ್ಲಿ ಗೀಟು. ಅಲ್ಲಿಯವರೆಗೆ ಮರಕ್ಕೆ ದಿನಕ್ಕೆ ಎರಡೇ ಸಲ: ಬೆಳಗ್ಗೆ ದೋಸೆಯಾದ ಮೇಲೆ, ಸಂಜೆ ಕೊಟ್ಟಿಗೆಗೆ ಹೋಗುವ ಮುಂಚೆ. ಹತ್ತಿದಾಗ ಬೇರೆ ಒಂದು ಅರ್ಜಿಯನ್ನಾದರೂ ಹಾಕಿಯೇ ಇಳಿಯಬೇಕು.

"ಎಂತಾ ಆತು ತಮಾ?" ಅಂತ ಅಪ್ಪ ಕೇಳುವುದನ್ನು ಬಿಟ್ಟು ಎರಡು ವಾರವಾಯಿತು. ಅದು ನನಗಾಗಿ ಬಿಟ್ಟಿದ್ದೋ, ಬೇಸರದಿಂದಲೋ ಗೊತ್ತಿಲ್ಲ.

ಮೊನ್ನೆ ಶನಿವಾರ ಸುಲಿಯಲು ಶುರು ಮಾಡಿದೆವು. ರಾತ್ರಿ ನೋಟ್‌ಬುಕ್ ತೆಗೆದು ಗೀಟು ಎಳೆದೆ. ಭಾನುವಾರ ಸಂಜೆ ಮರದ ಹತ್ತಿರ ಹೋದಾಗ ಎರಡು ಮಿಸ್ಡ್ ಕಾಲ್ ಮೆಸೇಜ್ ಬಂತು. ಎದೆ ಹಾರಿದ್ದು ಸುಳ್ಳಲ್ಲ. ಒಂದು ಸಾಲ ಬೇಕಾ ಅಂತ ಕೇಳುವವರದ್ದು. ಇನ್ನೊಂದು ಅತ್ತೆಯದ್ದು. ಅವರ ಮನೆಯಲ್ಲೂ ಚಾಲಿ ಒಣಗಿದೆಯಂತೆ, ಸುಲಿಯಲು ಜನ ಸಿಗುತ್ತಿಲ್ಲವಂತೆ. ಬುಧವಾರ ಬರುತ್ತೇನೆ ಅಂದೆ. ಯಾವ ಬುಧವಾರ ಅಂತ ಅವರು ಕೇಳಿಯೇ ಫೋನ್ ಇಟ್ಟರು.